ಡಬ್ಬಿ ಬದಲಾಯಿಸಿದ ದಿನ

ಮೂರನೇ ಮಹಡಿಯ ಐಸಿಯುನಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವ ಹೆಂಗಸಿನವರೆಗೆ ಎಲ್ಲರಿಗೂ ಅವಳು ಟಾರ್ಚಮ್ಮ. ನಲವತ್ತೊಂಬತ್ತರ ವಯಸ್ಸು, ಗಿಡ್ಡ ಮೈಕಟ್ಟು, ಪಕ್ಕಕ್ಕೆ ಬಂದು ನಿಂತರೂ ಗೊತ್ತಾಗದಷ್ಟು ಹಗುರವಾದ ಹೆಜ್ಜೆ. ಹದಿನಾರು ವರ್ಷಗಳಿಂದ ಅವಳು ಮಾಡಿಕೊಂಡು ಬಂದ ಕೆಲಸ ಒಂದೇ. ಶ್ವಾಸಕೋಶ ಕೈಕೊಟ್ಟ ರೋಗಿಯ ರಕ್ತವನ್ನು ದೇಹದಿಂದ ಹೊರಗೆ ತಂದು, ಅದಕ್ಕೆ ಆಮ್ಲಜನಕ ಬೆರೆಸಿ, ಮತ್ತೆ ಒಳಕ್ಕೆ ಕಳಿಸುವ ಯಂತ್ರವೊಂದಿದೆ. ಅದರ ಪಕ್ಕ ಕುರ್ಚಿ ಹಾಕಿಕೊಂಡು ಅದನ್ನು ಕಾಯುವುದು.

ಯಂತ್ರ ನೋಡಲು ಅಂಥ ದೊಡ್ಡದೇನಲ್ಲ. ಬೆರಳು ಗಾತ್ರದ ಎರಡು ಕೊಳವೆಗಳು. ತೊಡೆಯ ಸಂದಿನಿಂದ ಹೊರಬರುವುದರಲ್ಲಿ ರಕ್ತ ಕಪ್ಪಾಗಿರುತ್ತದೆ, ಕುತ್ತಿಗೆಯ ಕಡೆಗೆ ವಾಪಸು ಹೋಗುವುದರಲ್ಲಿ ಕೆಂಪಗೆ ಹೊಳೆಯುತ್ತಿರುತ್ತದೆ. ನಡುವೆ ಒಂದು ಪಂಪು, ಮತ್ತು ಇಟ್ಟಿಗೆಯಷ್ಟಿರುವ ಪಾರದರ್ಶಕ ಪೆಟ್ಟಿಗೆ. ಅದರೊಳಗೆ ಕೂದಲೆಳೆಯಂಥ ಸಾವಿರಾರು ನಾಳಗಳು. ಅದೇ ಕೃತಕ ಶ್ವಾಸಕೋಶ. ತಯಾರಿಸಿದವರು ಅದಕ್ಕೆ ಮಾರುದ್ದದ ಹೆಸರಿಟ್ಟಿದ್ದರೂ ಐಸಿಯುನವರ ಬಾಯಲ್ಲಿ ಅದು ಬರೀ ಡಬ್ಬಿ.

ರಕ್ತಕ್ಕೊಂದು ಹುಟ್ಟುಗುಣವಿದೆ. ತನ್ನ ದಾರಿ ಬಿಟ್ಟು ಬೇರೆ ಏನನ್ನಾದರೂ ಮುಟ್ಟಿದರೆ, ಎಲ್ಲೋ ಗಾಯವಾಗಿದೆ ಎಂದುಕೊಂಡು ಹೆಪ್ಪುಗಟ್ಟಲು ತೊಡಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಎಂದರೆ ಅದಕ್ಕೆ ಗಾಯವೇ. ಹಾಗಾಗಿ ಹೆಪ್ಪು ತಡೆಯುವ ಔಷಧವನ್ನು ಹನಿಹನಿಯಾಗಿ ಕೊಡುತ್ತಲೇ ಇರಬೇಕು. ಔಷಧ ಹೆಚ್ಚಾದರೆ ರೋಗಿಯ ಮೂಗಿನಲ್ಲೋ ಹೊಟ್ಟೆಯಲ್ಲೋ ತಲೆಯೊಳಗೋ ರಕ್ತ ಒಸರುತ್ತದೆ. ಕಡಿಮೆಯಾದರೆ ಡಬ್ಬಿ ಕಟ್ಟಿಕೊಳ್ಳುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಆ ಬಂಡಿಯನ್ನು ರಸ್ತೆಯ ಮೇಲೆ ಇಟ್ಟುಕೊಳ್ಳುವುದೇ ಅಲ್ಲಿನವರ ದಿನನಿತ್ಯದ ಪಾಡು.

ಟಾರ್ಚಮ್ಮ ಗಂಟೆಗೊಮ್ಮೆ ಎದ್ದು ಡಬ್ಬಿಯ ನಾಲ್ಕೂ ಮಗ್ಗುಲಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಳು. ಎಲ್ಲರೂ ನೋಡುತ್ತಿದ್ದರು, ಆದರೆ ಅವಳಂತೆ ಬರೆದಿಡುತ್ತಿರಲಿಲ್ಲ. ಹಾಳೆಯ ಮೇಲೆ ಡಬ್ಬಿಯ ಚಿತ್ರ ಬರೆದು, ಎಲ್ಲಿ ಕಪ್ಪು ಚುಕ್ಕೆ ಕಂಡಿತು, ಎಲ್ಲಿ ಬಿಳಿ ಎಳೆ ಕಂಡಿತು ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು. "ಟಾರ್ಚಮ್ಮ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದಾರೆ" ಎಂದು ಹೊಸ ನರ್ಸುಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಆ ಸಲ ಮಂಚ ಎರಡಕ್ಕೆ ಬಂದವಳು ಒಬ್ಬ ಬಸ್ ಕಂಡಕ್ಟರ್. ಮೂವತ್ತನಾಲ್ಕು ವಯಸ್ಸು. ಎಂಬತ್ತು ಜನ ತುಂಬಿದ ಬಸ್ಸಿನಲ್ಲಿ ನುಸುಳಿ ಟಿಕೆಟ್ ಹರಿಯುತ್ತಿದ್ದ ಗಟ್ಟಿಗಿತ್ತಿ. ಜ್ವರ ಬಂದ ಮೂರನೇ ದಿನಕ್ಕೂ ಡ್ಯೂಟಿಗೆ ಹೋಗಿದ್ದಳಂತೆ. ಐದನೇ ದಿನ ಡಿಪೋದ ಮೆಟ್ಟಿಲ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ. ಉಸಿರಾಟದ ಯಂತ್ರವನ್ನು ಎಷ್ಟು ಏರಿಸಿದರೂ ತುಟಿ ನೀಲಿಯಾಗಿಯೇ ಉಳಿದಾಗ, ಅವಳನ್ನು ಟಾರ್ಚಮ್ಮನ ಯಂತ್ರಕ್ಕೆ ಜೋಡಿಸಿದರು. ಅರ್ಧ ಗಂಟೆಯಲ್ಲಿ ಉಗುರಿಗೆ ಬಣ್ಣ ಬಂತು.

ಗಂಡನದು ಕ್ಷೌರದಂಗಡಿ. ಎರಡು ಕುರ್ಚಿ, ಮೂರು ಕನ್ನಡಿ, ಕತ್ತರಿಗಿಂತ ಚುರುಕಾದ ಬಾಯಿ. ಆದರೆ ಮೊದಲ ದಿನ ಅವನು ಬಾಯಿ ಬಿಡಲಿಲ್ಲ. ಹನ್ನೊಂದು ಗಂಟೆಗೆ ಒಳಗೆ ಬಿಟ್ಟಾಗ, ನೀಲಿ ಗೌನು ತೊಟ್ಟು, ಮುಟ್ಟಿದರೆ ಏನಾದರೂ ಕಳಚೀತೆಂಬಂತೆ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದ. ಎರಡನೇ ದಿನ ಟಾರ್ಚಮ್ಮನೇ ಕುರ್ಚಿ ಎಳೆದು ಕೊಟ್ಟಳು.

"ಕೂತ್ಕೊಳ್ಳಿ. ಕೈ ಹಿಡ್ಕೋಬಹುದು, ಏನೂ ಆಗಲ್ಲ."

ಅವನು ಹೆಂಡತಿಯ ಕೈ ಹಿಡಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಔಷಧದ ಸಿರಿಂಜನ್ನು ತೋರಿಸಿ, ಅದೇನೆಂದು ಕೇಳಿದ. ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವುದು ಎಂದಳು.

"ವಿಚಿತ್ರ ನೋಡಿ ಮೇಡಮ್. ನಮ್ಮ ಅಂಗಡೀಲಿ ಬ್ಲೇಡು ತಾಗಿದ್ರೆ ಪಟಿಕ ಒತ್ತಿ ರಕ್ತ ನಿಲ್ಲಿಸ್ತೀವಿ. ನೀವು ನಿಲ್ಲಬಾರದು ಅಂತ ಔಷಧ ಕೊಡ್ತೀರಿ."

"ಎರಡೂ ಒಂದೇ ರಕ್ತ, ಅಣ್ಣ. ನಿಮಗೆ ಹೊರಗೆ ಬರಬಾರದು, ನಮಗೆ ಒಳಗೆ ಗಟ್ಟಿಯಾಗಬಾರದು."

ಅಂದಿನಿಂದ ಅವನ ಬಾಯಿ ಬಿಚ್ಚಿಕೊಂಡಿತು. ದಿನಾ ಹನ್ನೊಂದಕ್ಕೆ ಬಂದು, ನಿದ್ದೆಯ ಔಷಧದಲ್ಲಿ ಮಲಗಿದ್ದ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಹಿಂದಿನ ದಿನದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದ. ಯಾರು ಮದುವೆಯ ಗಂಡಾಗಿ ಗಡ್ಡ ತೆಗೆಸಿಕೊಂಡರು, ಯಾರು ಬೋಳುತಲೆಗೆ ಬಾಚಣಿಗೆ ಕೇಳಿದರು, ಅವಳ ಡ್ರೈವರು ಅವಳಿಲ್ಲದೆ ಯಾವ ಸ್ಟಾಪು ಬಿಟ್ಟು ಮುಂದೆ ಹೋದ. ಅರ್ಧ ಗಂಟೆ ಮುಗಿದು ಅವನು ಎದ್ದರೆ ಕೋಣೆ ಖಾಲಿಖಾಲಿ ಅನಿಸುತ್ತಿತ್ತು. 'ಮೇಡಮ್' ಹೋಗಿ 'ಅಕ್ಕ' ಆಗಲು ನಾಲ್ಕು ದಿನವೂ ಹಿಡಿಯಲಿಲ್ಲ.

ಎಂಟು ದಿನ ಎಲ್ಲವೂ ಸುಸೂತ್ರ. ಜ್ವರ ಇಳಿಯಿತು, ಸೋಂಕಿನ ಅಂಕಿಗಳು ಇಳಿದವು, ಎಕ್ಸ್‌ರೇಯಲ್ಲಿ ಬಿಳಿ ಮಂಜು ಅಂಚಿನಲ್ಲಿ ಸ್ವಲ್ಪ ಕರಗಿದಂತೆ ಕಂಡಿತು. ಒಂಬತ್ತನೇ ದಿನ ಮೂಗಿನಿಂದ ರಕ್ತ ಒಸರಿತು. ಹತ್ತಿ ತುರುಕಿದರೆ ನಿಲ್ಲಲಿಲ್ಲ. ಮರುದಿನ ಕುತ್ತಿಗೆಯ ಕೊಳವೆಯ ಸುತ್ತಲಿನ ಬ್ಯಾಂಡೇಜು ಎರಡು ಗಂಟೆಗೊಮ್ಮೆ ನೆನೆಯತೊಡಗಿತು, ಮೂತ್ರದ ಚೀಲ ತೆಳುಗೆಂಪಾಯಿತು.

ದೊಡ್ಡ ಡಾಕ್ಟರು ಸಮಾಧಾನದ ಮನುಷ್ಯ. ಎಂಥ ಅವಸರದಲ್ಲೂ ಕನ್ನಡಕ ಒರೆಸಿಕೊಂಡೇ ಮಾತು ಶುರುಮಾಡುವವರು. ಹೆಪ್ಪು ತಡೆಯುವ ಔಷಧವನ್ನು ಅರ್ಧಕ್ಕೆ ಇಳಿಸಿದರು. ರಕ್ತ ಕಟ್ಟಲು ಬೇಕಾದ ಪ್ಲೇಟ್ಲೆಟ್ ಕಣಗಳು ಮೂರರಲ್ಲಿ ಒಂದು ಪಾಲಿಗೆ ಇಳಿದಿದ್ದವು. ಅವನ್ನು ಚೀಲದಲ್ಲಿ ತರಿಸಿ ಕೊಡಿಸಿದರು. ಪ್ಲಾಸ್ಮಾ ಕೊಡಿಸಿದರು. ಮಧ್ಯಾಹ್ನ ಅಂಕಿಗಳು ಏರಿದವು, ಎಲ್ಲರೂ ಉಸಿರು ಬಿಟ್ಟರು. ಸಂಜೆಗೆ ಮತ್ತೆ ಮೊದಲಿದ್ದಲ್ಲಿಗೇ. ಹನ್ನೊಂದನೇ ದಿನವೂ ಅದೇ ಕತೆ. ತೂತು ಮಡಕೆಗೆ ನೀರು ಹೊಯ್ದ ಹಾಗೆ.

"ಹೊಸ ಸೋಂಕು ಎಲ್ಲೋ ಅಡಗಿ ಕೂತಿರಬೇಕು" ಎಂದರು ದೊಡ್ಡ ಡಾಕ್ಟರು. "ಸೋಂಕು ಜೋರಾದ್ರೆ ರಕ್ತ ಹೀಗೆ ದಿಕ್ಕು ತಪ್ಪುತ್ತೆ. ಔಷಧ ಪೂರ್ತಿ ನಿಲ್ಲಿಸಿ ನೋಡೋಣ. ಆ್ಯಂಟಿಬಯಾಟಿಕ್ ಬದಲಾಯಿಸೋಣ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹತ್ತರಲ್ಲಿ ಏಳು ಸಲ ಅದೇ ನಿಜವಾಗಿರುತ್ತದೆ. ಟಾರ್ಚಮ್ಮ ತಲೆಯಾಡಿಸಿ ತನ್ನ ಹಾಳೆಗಳನ್ನು ನೋಡಿದಳು. ಎಂಟನೇ ದಿನದ ಚಿತ್ರದಲ್ಲಿ ಕೆಳಗಿನ ಮೂಲೆಯಲ್ಲಿ ನಾಲ್ಕು ಚುಕ್ಕೆ. ಹನ್ನೊಂದನೇ ದಿನದ್ದರಲ್ಲಿ ಹದಿನೇಳು, ಜೊತೆಗೆ ಒಂದು ಎಳೆ. ರಕ್ತ ಸುರಿಯುತ್ತಿರುವವಳ ಡಬ್ಬಿಯಲ್ಲಿ ಹೆಪ್ಪು ಬೆಳೆಯುತ್ತಿದೆ. ಈಚೆ ನಿಲ್ಲುತ್ತಿಲ್ಲ, ಆಚೆ ಕಟ್ಟುತ್ತಿದೆ. ಹಾಗಾದರೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿರುವುದು ಡಬ್ಬಿಯೇ ಏಕಾಗಿರಬಾರದು? ಡಬ್ಬಿಯ ಒಳಗೆ ಹೆಪ್ಪು ಕಟ್ಟಿ ಕಟ್ಟಿ, ಕಟ್ಟುವ ಸಾಮಾನೆಲ್ಲ ಅಲ್ಲೇ ಮುಗಿದು, ಮೂಗಿನ ಪಾಲಿಗೆ ಏನೂ ಉಳಿಯುತ್ತಿಲ್ಲ.

ಹಾಗಿದ್ದರೆ ಮದ್ದು ಒಂದೇ. ಡಬ್ಬಿ ಬದಲಾಯಿಸುವುದು. ಅವಳು ಬಾಯಿ ತೆರೆಯಲಿಲ್ಲ.

ಕಾರಣವಿತ್ತು. ಹಿಂದಿನ ವರ್ಷ ಇಂಥದೇ ಒಬ್ಬ ರೋಗಿ, ಒಬ್ಬ ಮುದುಕರು. ಡಬ್ಬಿಯ ನಡುವೆ ದೊಡ್ಡ ಕಪ್ಪು ಕಲೆ ಕಂಡು ಅವಳು ಹಟ ಹಿಡಿದಿದ್ದಳು. ಅವಳ ಮಾತಿಗೆ ಬೆಲೆ ಕೊಟ್ಟು ಡಬ್ಬಿ ಬದಲಾಯಿಸಿದರು. ಬದಲಾಯಿಸುವಾಗ ಜೋಡಣೆ ತಡವಾಗಿ ಮುದುಕರ ಉಸಿರು ತೀರಾ ಕೆಳಗಿಳಿಯಿತು, ಎರಡು ದಿನ ಸಾವು ಬದುಕಿನ ನಡುವೆ ತೂಗಾಡಿ ಹೇಗೋ ದಡ ಸೇರಿದರು. ಹಳೆಯ ಡಬ್ಬಿಯನ್ನು ತೊಳೆದು ನೋಡಿದರೆ ಹೆಪ್ಪು ಉಗುರಿನಷ್ಟೂ ಇರಲಿಲ್ಲ. ಕಂಡದ್ದು ರಕ್ತ ನಿಧಾನವಾಗಿ ಹರಿಯುವ ಕಡೆ ಬಿದ್ದ ನೆರಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಆ ದಿನ ಡ್ಯೂಟಿ ಮುಗಿಸಿ ಸಂಜೆ ಏಳಕ್ಕೆ ಮನೆಗೆ ಹೋದಾಗ ಅತ್ತೆ ಅಡುಗೆಮನೆಯ ಕಟ್ಟೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಬೀನ್ಸ್ ಬಿಡಿಸುತ್ತಿದ್ದರು. ಟಾರ್ಚಮ್ಮನ ಗಂಡ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಅತ್ತೆ ಸೊಸೆ ಇಬ್ಬರದೇ ಸಂಸಾರ. ನೆರೆಯವರು ಇವರಿಬ್ಬರ ಜಗಳಕ್ಕಾಗಿ ಕಿವಿ ನಿಮಿರಿಸಿ ಕಾದು ಕಾದು ಸೋತಿದ್ದರು. ಜಗಳ ಆಡುತ್ತಿರಲಿಲ್ಲವೆಂದಲ್ಲ. ಆಡಿದರೂ ಅರ್ಧದಲ್ಲಿ ಇಬ್ಬರಲ್ಲೊಬ್ಬರಿಗೆ ನಗು ಬಂದುಬಿಡುತ್ತಿತ್ತು.

ಸೊಸೆ ಬೀನ್ಸ್ ಬಿಡಿಸಲು ಕೂತು, ನಾರನ್ನು ಪಾತ್ರೆಗೆ ಹಾಕಿ ಕಾಯನ್ನು ಕಸಕ್ಕೆ ಹಾಕುವುದನ್ನು ಅತ್ತೆ ಮೂರು ಸಲ ನೋಡಿದರು.

"ಏನಾಯ್ತು ಹೇಳು. ಕಸದ ಬುಟ್ಟಿಗೆ ಊಟ ಹಾಕ್ತಾ ಇದ್ದೀಯ."

ಅವಳು ಹೇಳಿದಳು. ಅತ್ತೆಗೆ ಪ್ಲೇಟ್ಲೆಟ್ ಅಂದರೇನೆಂದು ಗೊತ್ತಿರಲಿಲ್ಲ, ಆದರೆ ಹದಿನಾರು ವರ್ಷ ಕೇಳಿ ಕೇಳಿ ಡಬ್ಬಿ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

"ಅವರಿಗೆ ಯಾಕೆ ಹೇಳಲಿಲ್ಲ?"

"ಹೋದ ವರ್ಷ ಹೇಳಿ ಆಯ್ತಲ್ಲ ಅತ್ತೆ."

"ಹೋದ ವರ್ಷ ತಪ್ಪಿದ್ದು ನಿನ್ನ ಕಣ್ಣು. ಕಣ್ಣು ತಪ್ಪಿತು ಅಂತ ಬಾಯಿ ಮುಚ್ಕೊಂಡು ಕೂರ್ತೀಯಾ?"

"ತಪ್ಪಾದ್ರೆ ಆ ಹೆಂಗಸಿನ ಜೀವಕ್ಕೇ ಸಂಚಕಾರ."

"ಹೇಳದೇ ಇದ್ರೆ?"

ಟಾರ್ಚಮ್ಮ ಕಸಕ್ಕೆ ಬಿದ್ದ ಕಾಯಿಗಳನ್ನು ಆರಿಸತೊಡಗಿದಳು. ಅತ್ತೆ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹೇಳೋದು ನಿನ್ನ ಕೆಲಸ, ತೀರ್ಮಾನ ಮಾಡೋದು ಅವರ ಕೆಲಸ. ಇಬ್ಬರ ಭಾರಾನೂ ನೀನೇ ಹೊತ್ಕೊಂಡ್ರೆ ಬೆನ್ನು ಮುರಿಯುತ್ತೆ. ಹೋಗಿ ಮುಖ ತೊಳ್ಕೋ. ಬೀನ್ಸ್ ನಾನು ನೋಡ್ಕೋತೀನಿ, ಇನ್ನೂ ಸ್ವಲ್ಪ ಉಳಿದಿದೆ."

ಮುಖ ತೊಳೆದು ಬಂದು ಅವಳು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿದಳು. ಎಂಟು, ಒಂಬತ್ತು, ಹತ್ತು, ಹನ್ನೊಂದನೇ ದಿನಗಳು. ಒಂದು ಹೊಸ ಹಾಳೆಯಲ್ಲಿ ಗಂಟೆಗಳನ್ನು ಸಾಲಾಗಿ ಬರೆದು, ಯಾವ ಗಂಟೆಗೆ ಪ್ಲೇಟ್ಲೆಟ್ ಕೊಟ್ಟರು, ಯಾವ ಗಂಟೆಗೆ ಅದು ಇಳಿಯಿತು, ಔಷಧ ಯಾವಾಗ ಅರ್ಧವಾಯಿತು, ಚುಕ್ಕೆಗಳು ಯಾವಾಗ ಇಮ್ಮಡಿಯಾದವು ಎಂದು ಒಂದರ ಕೆಳಗೊಂದು ಬರೆದಳು. ಬರೆದು ಮುಗಿದಾಗ ಅವಳಿಗೆ ಹೆದರಿಕೆ ಹೋಗಿರಲಿಲ್ಲ, ಅನುಮಾನ ಹೋಗಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಎಂಟಕ್ಕೆ ದೊಡ್ಡ ಡಾಕ್ಟರು ಮಂಚ ಎರಡರ ಹತ್ತಿರ ಬಂದಾಗ ಅವಳು ಹಾಳೆಯನ್ನು ಮುಂದೆ ಹಿಡಿದಳು.

"ಸರ್, ಇದು ಡಬ್ಬಿಯ ಕೆಲಸ ಅಂತ ನನಗನಿಸುತ್ತೆ."

ಅವರು ಕನ್ನಡಕ ಒರೆಸಿಕೊಂಡರು. "ಡಬ್ಬಿ ಚೆನ್ನಾಗೇ ಕೆಲಸ ಮಾಡ್ತಾ ಇದೆಯಲ್ಲ ಟಾರ್ಚಮ್ಮ. ಆಮ್ಲಜನಕ ಸರಿಯಾಗಿ ಬೆರೀತಾ ಇದೆ."

"ಬೆರೀತಾ ಇದೆ ಸರ್. ಅದಕ್ಕೇ ನಾವು ಯಾರೂ ಅದನ್ನ ಅನುಮಾನಿಸಲಿಲ್ಲ. ಆದ್ರೆ ಇಲ್ಲಿ ನೋಡಿ. ಜ್ವರ ಇಲ್ಲ, ಸೋಂಕಿನ ಅಂಕಿ ದಿನಾ ಇಳೀತಾ ಇದೆ. ನಿನ್ನೆ ಹನ್ನೆರಡಕ್ಕೆ ಪ್ಲೇಟ್ಲೆಟ್ ಕೊಟ್ವಿ, ಎರಡಕ್ಕೆ ಏರಿತ್ತು, ಆರಕ್ಕೆ ಇಲ್ಲ. ಎಲ್ಲಿಗೆ ಹೋಯ್ತು? ಮೂಗಿಂದ ಅಷ್ಟೊಂದು ಹೋಗಿಲ್ಲ, ಹತ್ತಿ ಬ್ಯಾಂಡೇಜು ಎಲ್ಲಾ ತೂಕ ಹಾಕಿ ಇಟ್ಟಿದ್ದೀನಿ. ಔಷಧ ಅರ್ಧ ಮಾಡಿದಾಗಿಂದ ಚುಕ್ಕೆ ಹೆಚ್ಚಾಗಿದೆ. ರಕ್ತಸ್ರಾವಾನೂ ಹೆಚ್ಚಾಗಿದೆ. ಔಷಧ ಜಾಸ್ತಿಯಾಗಿ ಆದ ರಕ್ತಸ್ರಾವ ಆಗಿದ್ರೆ ಈಗ ಕಮ್ಮಿ ಆಗಬೇಕಿತ್ತಲ್ವಾ?"

ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಅಲ್ಲಿದ್ದ ನರ್ಸುಗಳು ಕೇಳಿರಲಿಲ್ಲ. ಡಾಕ್ಟರು ಹಾಳೆಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಅವರು ಏನೋ ಹೇಳುವ ಮೊದಲೇ ಅವಳೇ ಹೇಳಿದಳು.

"ಹೋದ ವರ್ಷ ನಾನು ಹೇಳಿದ್ದು ತಪ್ಪಾಗಿತ್ತು ಸರ್. ಇದೂ ತಪ್ಪಿರಬಹುದು. ಆದ್ರೆ ಆಗ ನನ್ನ ಹತ್ರ ಇದ್ದಿದ್ದು ಕಣ್ಣಂದಾಜು. ಈಗ ಗಂಟೆಗಂಟೆಯ ಅಂಕಿ ಇದೆ."

"ಹೋದ ವರ್ಷ ತೀರ್ಮಾನ ನನ್ನದು" ಎಂದರು ಅವರು. "ಸಹಿ ನನ್ನದೇ ಇತ್ತು." ಆಮೇಲೆ ಪಕ್ಕದ ನರ್ಸಿನ ಕಡೆ ತಿರುಗಿ, ಹೆಪ್ಪು ಒಡೆದಾಗ ರಕ್ತದಲ್ಲಿ ಉಳಿಯುವ ಚೂರುಗಳ ಪರೀಕ್ಷೆಯನ್ನು ಕೂಡಲೇ ಮಾಡಿಸಿ ಎಂದರು. "ಒಂದು ಗಂಟೆ ಕಾಯೋಣ. ಹೆಪ್ಪು ಎಲ್ಲೋ ಕಟ್ಟಿ ಎಲ್ಲೋ ಕರಗ್ತಾ ಇದ್ರೆ ಅದು ಹೇಳುತ್ತೆ."

ಒಂದು ಗಂಟೆಯೊಳಗೆ ಪ್ರಯೋಗಾಲಯದಿಂದ ಫೋನು ಬಂತು. ಅವರ ಯಂತ್ರ ಎಣಿಸಬಲ್ಲ ಕೊನೆಯ ಅಂಕಿಯನ್ನೂ ದಾಟಿದೆ, ಎಷ್ಟೆಂದು ಹೇಳಲಾಗುವುದಿಲ್ಲ ಎಂದರು. ಹೆಪ್ಪು ಕಟ್ಟಲು ಬೇಕಾದ ಪ್ರೋಟೀನು ಮೂರು ದಿನದಲ್ಲಿ ಕಾಲು ಭಾಗಕ್ಕೆ ಬಂದಿತ್ತು. ರೋಗಿಯ ಕಾಲಿನಲ್ಲಿ, ಎದೆಯಲ್ಲಿ ಎಲ್ಲಾದರೂ ಹೆಪ್ಪು ಇದೆಯೇ ಎಂದು ಸ್ಕ್ಯಾನ್ ಮಾಡಿದರು. ಎಲ್ಲೂ ಇರಲಿಲ್ಲ. ದೊಡ್ಡ ಡಾಕ್ಟರು ಗಂಡನನ್ನು ಒಳಗೆ ಕರೆಸಿದರು.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಡಬ್ಬಿ ಬದಲಾಯಿಸುವಾಗ ಸುಮಾರು ಒಂದು ನಿಮಿಷ ಯಂತ್ರ ನಿಲ್ಲುತ್ತದೆ, ಆ ಒಂದು ನಿಮಿಷ ಅವಳ ಸೊರಗಿದ ಶ್ವಾಸಕೋಶವೇ ಅವಳನ್ನು ಹಿಡಿದಿರಬೇಕು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅವನು ಟಾರ್ಚಮ್ಮನ ಕಡೆ ನೋಡಿದ.

"ಅಕ್ಕ, ನಿಮ್ಮ ತಂಗಿ ಆಗಿದ್ರೆ?"

"ತಂಗಿ ಆಗಿದ್ರೂ ಬದಲಾಯಿಸಿ ಅಂತಾನೇ ಹೇಳ್ತಿದ್ದೆ. ಕೈ ನಡುಗುತ್ತಿತ್ತು, ಅಷ್ಟೆ."

"ಈಗ ನಡುಗಲ್ವಾ?"

"ಇಲ್ಲ. ಈಗ ಅಭ್ಯಾಸ ಇದೆ."

ಅವನು ಸಹಿ ಹಾಕಿ ಹೊರಗೆ ಹೋಗಿ, ಕಿಟಕಿಗೆ ಬೆನ್ನು ಮಾಡಿ ನಿಂತ.

ಹನ್ನೊಂದೂವರೆಗೆ ಎಲ್ಲ ಸಿದ್ಧವಾಯಿತು. ಹೊಸ ಡಬ್ಬಿಯನ್ನೂ ಹೊಸ ಪಂಪನ್ನೂ ಉಪ್ಪುನೀರಿನಿಂದ ತುಂಬಿಸಿ, ಒಂದು ಗಾಳಿಗುಳ್ಳೆಯೂ ಉಳಿಯದಂತೆ ತಟ್ಟಿ ತಟ್ಟಿ ಹೊರಡಿಸಿ, ಹಳೆಯದರ ಪಕ್ಕದಲ್ಲೇ ನಿಲ್ಲಿಸಿದ್ದರು. ಟಾರ್ಚಮ್ಮ ಕೊಳವೆಗಳ ಹತ್ತಿರ, ದೊಡ್ಡ ಡಾಕ್ಟರು ಎದುರಿಗೆ ಕತ್ತರಿ ಹಿಡಿದು. ತಲೆಯ ಹತ್ತಿರ ಒಬ್ಬ ಡಾಕ್ಟರು ಉಸಿರಾಟದ ಯಂತ್ರವನ್ನು ಪೂರ್ತಿ ಏರಿಸಿದರು. ಕನ್ನಡಕ ಹಾಕಿದ್ದ ಒಬ್ಬ ಸಿಸ್ಟರ್ ಸೆಕೆಂಡು ಎಣಿಸಲು ನಿಂತಳು. ಯಾರು ಯಾವ ಕೆಲಸ ಮಾಡಬೇಕೆಂದು ಎರಡು ಸಲ ಬಾಯಲ್ಲಿ ಹೇಳಿಸಿ ಖಚಿತಪಡಿಸಿಕೊಂಡಿದ್ದರು.

"ಶುರು."

ಪಂಪಿನ ಗುಂಯ್‌ಗುಟ್ಟುವಿಕೆ ನಿಂತಿತು. ಹನ್ನೆರಡು ದಿನದ ಆ ಸದ್ದು ನಿಂತ ಕೂಡಲೇ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಸಿಸ್ಟರಿನ ಎಣಿಕೆ ಗೋಡೆಗೆ ಬಡಿದಂತೆ ಕೇಳಿತು. ನಾಲ್ಕು ಕಡೆ ಕೊಳವೆಗೆ ಚಿಮುಟ ಬಿತ್ತು. ಕತ್ತರಿ ಎರಡು ಸಲ ಆಡಿತು. ಹಳೆಯ ಡಬ್ಬಿ ಪಕ್ಕಕ್ಕೆ. "ಹನ್ನೊಂದು, ಹನ್ನೆರಡು." ಮೊದಲ ಕೊಳವೆಯ ಬಾಯಿಗೆ ನೀರು ಹನಿಸುತ್ತ ಜೋಡಿಸಿದರು. ಗುಳ್ಳೆ ಇಲ್ಲ. "ಇಪ್ಪತ್ತು." ಪರದೆಯ ಮೇಲೆ ಆಮ್ಲಜನಕದ ಅಂಕಿ ತೊಂಬತ್ತರಿಂದ ಎಂಬತ್ತೆರಡಕ್ಕೆ ಬಂತು. ಎರಡನೇ ಕೊಳವೆ ಒದ್ದೆ ಗ್ಲೌಸಿನಲ್ಲಿ ಜಾರಿತು. ಡಾಕ್ಟರ ಹಣೆಯ ಮೇಲೆ ಬೆವರು. ಟಾರ್ಚಮ್ಮ ಎಡಗೈಯಲ್ಲಿ ಒಣ ಬಟ್ಟೆ ಸುತ್ತಿಕೊಂಡು ಕೊಳವೆಯನ್ನು ಗಟ್ಟಿಯಾಗಿ ಹಿಡಿದಳು. "ಒತ್ತಿ ಸರ್, ನಾನು ಹಿಡ್ದಿದ್ದೀನಿ." ಎಪ್ಪತ್ತನಾಲ್ಕು. ಎಪ್ಪತ್ತೊಂದು. ಕೊಳವೆ ಕೂತಿತು. "ನಲವತ್ತೊಂದು." ಚಿಮುಟಗಳು ಒಂದೊಂದಾಗಿ ಬಿಟ್ಟವು, ಪಂಪು ಮತ್ತೆ ಗುಂಯ್ ಎಂದಿತು.

ಹೊಸ ಡಬ್ಬಿಯ ಉಪ್ಪುನೀರು ಮೊದಲು ತೆಳುಗೆಂಪಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಆಚೆಯ ಕೊಳವೆಯಲ್ಲಿ ಕೆಂಪಗೆ ಹೊಳೆಯಿತು. ಅಂಕಿ ಎಪ್ಪತ್ತೊಂದರಲ್ಲಿ ಎರಡು ಉಸಿರಿನಷ್ಟು ಹೊತ್ತು ನಿಂತು, ಏರತೊಡಗಿತು. ಎಂಬತ್ತು. ಎಂಬತ್ತೆಂಟು. ತೊಂಬತ್ತನಾಲ್ಕು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿಸ್ಟರ್ ಮಾತ್ರ, ಎಣಿಕೆ ನಿಲ್ಲಿಸುವುದನ್ನೇ ಮರೆತು, "ತೊಂಬತ್ತೇಳು, ತೊಂಬತ್ತೆಂಟು" ಎಂದು ಸೆಕೆಂಡುಗಳನ್ನು ಎಣಿಸುತ್ತಲೇ ಇದ್ದಳು.

ಆಮೇಲೆ ಟಾರ್ಚಮ್ಮ ಹಳೆಯ ಡಬ್ಬಿಯನ್ನು ಸಿಂಕಿಗೆ ಒಯ್ದು ನೀರು ಬಿಟ್ಟಳು. ದೊಡ್ಡ ಡಾಕ್ಟರು ಬಂದು ಪಕ್ಕ ನಿಂತರು. ನೀರು ತಿಳಿಯಾಗುವವರೆಗೂ ಅವಳು ತೊಳೆದಳು. ಡಬ್ಬಿಯ ಮುಂಭಾಗದಲ್ಲಿ ಅವಳು ಗುರುತು ಹಾಕಿದ್ದ ಹದಿನೇಳು ಚುಕ್ಕೆಗಳಿದ್ದವು. ಮುಚ್ಚಳ ಬಿಚ್ಚಿ ನಾಳಗಳ ಕಟ್ಟನ್ನು ಬಿಡಿಸಿದಾಗ, ನಟ್ಟನಡುವೆ, ಯಾವ ಬೆಳಕೂ ತಲುಪದ ಕಡೆ, ಅಂಗೈಯಗಲದ ಹೆಪ್ಪು ಪದರಪದರವಾಗಿ ಕೂತಿತ್ತು. ಸುತ್ತ ಉಳಿದಿದ್ದ ನಾಳಗಳಷ್ಟರಿಂದಲೇ ಡಬ್ಬಿ ಆಮ್ಲಜನಕ ಬೆರೆಸುತ್ತ ಬಂದಿತ್ತು.

"ಇದು ಹೊರಗಿಂದ ಕಾಣೋ ಹಾಗೇ ಇರಲಿಲ್ಲ" ಎಂದರು ಡಾಕ್ಟರು.

"ಇಲ್ಲ ಸರ್. ನನಗೂ ಕಂಡಿರಲಿಲ್ಲ."

ಅವರು ನಕ್ಕರು. ಅವಳಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಸಿಂಕಿನ ನೀರು ಸಿಡಿಯಿತೆಂಬಂತೆ ತೋಳಿನಿಂದ ಒರೆಸಿಕೊಂಡಳು.

ಸಂಜೆಯ ಪರೀಕ್ಷೆಯಲ್ಲಿ ಪ್ಲೇಟ್ಲೆಟ್ ಮಧ್ಯಾಹ್ನ ಕೊಟ್ಟಷ್ಟೂ ಹಾಗೇ ಇತ್ತು. ಮರುದಿನ ಪ್ರೋಟೀನು ತಾನಾಗಿಯೇ ಏರಿತು. ಹೆಪ್ಪಿನ ಚೂರುಗಳ ಅಂಕಿ ಪ್ರಯೋಗಾಲಯದವರು ಎಣಿಸಬಲ್ಲಷ್ಟಕ್ಕೆ ಇಳಿಯಿತು. ಮೂಗಿನ ಹತ್ತಿ ಒಣಗಿತು. ಎರಡನೇ ದಿನ ಕುತ್ತಿಗೆಯ ಬ್ಯಾಂಡೇಜು ಬೆಳಗಿನಿಂದ ಸಂಜೆಯವರೆಗೂ ಬೆಳ್ಳಗೇ ಇತ್ತು. ಕ್ಷೌರದಂಗಡಿಯವನು ಅದನ್ನು ನೋಡಿ, ಆ ಬ್ಯಾಂಡೇಜಿನಷ್ಟು ಚಂದದ ವಸ್ತು ತನ್ನ ಜನ್ಮದಲ್ಲೇ ನೋಡಿಲ್ಲ ಅಂದ.

ಹೆಪ್ಪು ತಡೆಯುವ ಔಷಧವನ್ನು ಮತ್ತೆ ಮೊದಲಿನ ಅಳತೆಗೆ ತಂದರು. ಇದು ಅವನಿಗೆ ಅರ್ಥವಾಗಲಿಲ್ಲ. ಈಗ ತಾನೇ ರಕ್ತ ನಿಂತಿದೆ, ಮತ್ತೆ ಅದೇ ಔಷಧವೇ ಎಂದು ಕೇಳಿದ. ಔಷಧ ಇಲ್ಲದಿದ್ದರೆ ಹೊಸ ಡಬ್ಬಿಯಲ್ಲೂ ಹೆಪ್ಪು ಕಟ್ಟುತ್ತದೆಂದು ಟಾರ್ಚಮ್ಮ ಕೂತು ತಿಳಿಸಿದಳು. ಅವಳ ಮಾತು ಮುಗಿದ ಮೇಲೆ ಅವನು ಹೆಂಡತಿಯ ಕಿವಿಗೆ ಬಗ್ಗಿ ಅದನ್ನೇ ಇನ್ನೊಂದು ಸಲ, ಇನ್ನಷ್ಟು ಉಪ್ಪು ಖಾರ ಸೇರಿಸಿ ಹೇಳಿದ.

ಹದಿನೆಂಟನೇ ದಿನ ನಿದ್ದೆಯ ಔಷಧ ಕಡಿಮೆ ಮಾಡಿದಾಗ ಕಂಡಕ್ಟರ್ ಕಣ್ಣು ತೆರೆದಳು. ಇಪ್ಪತ್ತೊಂದನೇ ದಿನ ಡಬ್ಬಿಯ ಆಮ್ಲಜನಕವನ್ನು ಆರು ಗಂಟೆ ಕಾಲ ಮುಚ್ಚಿ ನೋಡಿದರು. ಅವಳ ಸ್ವಂತ ಶ್ವಾಸಕೋಶವೇ ಕೆಲಸ ನಡೆಸಿತು. ಮರುದಿನ ಕೊಳವೆಗಳನ್ನು ತೆಗೆದರು. ಇಪ್ಪತ್ತೈದನೇ ದಿನ ಗಂಟಲಿನ ನಳಿಕೆ ಹೊರಬಂತು. ಅಂದು ಹನ್ನೊಂದಕ್ಕೆ ಬಂದ ಗಂಡ ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದ. ಅಂಗಡಿ, ಡಿಪೋ, ಪಕ್ಕದ ಮನೆ, ನಲ್ಲಿ ನೀರು, ಎಲ್ಲವೂ ಒಂದೇ ಉಸಿರಿಗೆ. ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಒಡೆದ ಧ್ವನಿಯಲ್ಲಿ, ಒಂದೊಂದೇ ಮಾತು ಹೊರಬಂತು.

"ಇದೆಲ್ಲಾ, ಆಗಲೇ, ಕೇಳಿದ್ದೀನಿ."

ಅವನು ಬಾಯಿ ತೆರೆದುಕೊಂಡೇ ನಿಂತ. ಕನ್ನಡಕದ ಸಿಸ್ಟರ್ ನಗು ತಡೆಯಲಾರದೆ ಔಷಧದ ಟ್ರೇ ಹಿಡಿದು ಹೊರಗೆ ಹೋದಳು. ಟಾರ್ಚಮ್ಮ ಅಲ್ಲೇ ಕೂತು ಮನಸಾರೆ ನಕ್ಕಳು.

ಕಂಡಕ್ಟರ್ ಮೂವತ್ತಾರನೇ ದಿನ ಮನೆಗೆ ಹೋದಳು. ಕಾಲಲ್ಲಿ ಶಕ್ತಿ ಬರಲು ಎರಡು ತಿಂಗಳು, ಮೆಟ್ಟಿಲು ಹತ್ತಲು ಇನ್ನೊಂದು. ಆರನೇ ತಿಂಗಳಲ್ಲಿ ಡಿಪೋದ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಎಂಟನೇ ತಿಂಗಳಿಗೆ ಬೇಸರ ಬಂದು ಬಸ್ಸಿಗೇ ಹಾಕಿ ಎಂದು ಹಟ ಮಾಡಿ ಹೋದಳಂತೆ. ಈಗಲೂ ಓಡಿ ಹತ್ತುವವರನ್ನು ಕಂಡರೆ ಅವಳಿಗೆ ಸ್ವಲ್ಪ ಏದುಸಿರು ಬರುತ್ತದೆ, ಅವರ ಪರವಾಗಿ.

ಐಸಿಯುನಲ್ಲಿ ಡಬ್ಬಿಯ ಚಿತ್ರವಿರುವ ಹಾಳೆಯನ್ನು ಅಚ್ಚು ಹಾಕಿಸಿದರು. ಈಗ ಎಲ್ಲ ನರ್ಸುಗಳೂ ಪೆನ್ಸಿಲು ಹಿಡಿದು ಗುರುತು ಹಾಕುತ್ತಾರೆ, ಪಕ್ಕದಲ್ಲಿ ಆ ಗಂಟೆಯ ರಕ್ತದ ಅಂಕಿಗಳನ್ನೂ ಬರೆಯುತ್ತಾರೆ. ಮುಂದಿನ ಒಂದು ವರ್ಷದಲ್ಲಿ ಟಾರ್ಚಮ್ಮ ಇನ್ನೂ ಮೂರು ಸಲ ಡಬ್ಬಿ ಬದಲಾಯಿಸಿ ಎಂದಳು. ಎರಡು ಸಲ ಅವಳು ಹೇಳಿದ್ದು ಸರಿಯಿತ್ತು. ಒಂದು ಸಲ, ಅಂಕಿಗಳನ್ನು ಮತ್ತೊಮ್ಮೆ ನೋಡಿ ದೊಡ್ಡ ಡಾಕ್ಟರು, "ಇದು ಸೋಂಕೇ ಟಾರ್ಚಮ್ಮ, ಇವತ್ತು ಕಾಯೋಣ" ಎಂದರು. ಅದು ಸೋಂಕೇ ಆಗಿತ್ತು. ಅವಳು ಸರಿ ಎಂದು ತಲೆಯಾಡಿಸಿ, ಮುಂದಿನ ಗಂಟೆಯ ಹಾಳೆ ತೆಗೆದುಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.